ಸಣ್ಣ ಕಾಲೇಜಿನಲ್ಲಿ ಮೊದಲ ವರ್ಷ ಮುಗಿದ ಮೇಲೆ: ಅಲ್ಲೇ ಉಳಿಯುವುದೋ, ಬೇರೆಡೆಗೆ ಹೋಗುವುದೋ?

ಪ್ರಶ್ನೆ: ಪ್ರಥಮ ವರ್ಷ ಮುಗಿಸಿದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಪದವಿಯ ಪ್ರಥಮ ವರ್ಷದ ಪರೀಕ್ಷೆಗಳು ಮುಗಿದು ಫಲಿತಾಂಶವೂ ಕೈಸೇರಿದೆ. ನಾನು ಓದುತ್ತಿರುವುದು ಒಂದು ಸಣ್ಣ ಕಾಲೇಜಿನಲ್ಲಿ. ತರಗತಿಯಲ್ಲಿ ನಲವತ್ತು ಮಂದಿಯೂ ಇಲ್ಲ. ವಿಭಾಗದಲ್ಲಿ ಇರುವವರು ನಾಲ್ವರು ಉಪನ್ಯಾಸಕರು. ದ್ವಿತೀಯ ವರ್ಷಕ್ಕೂ ಅವರೇ, ಅಂತಿಮ ವರ್ಷಕ್ಕೂ ಅವರೇ. ನನ್ನ ಸರಾಸರಿ ಹತ್ತಕ್ಕೆ 6.2. ತೀರಾ ಕೆಟ್ಟದ್ದೇನಲ್ಲ, ಹೇಳಿಕೊಳ್ಳುವಂಥದ್ದೂ ಅಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಅಂಕಗಳಲ್ಲ. ಸೇರಿದ ಹೊಸತರಲ್ಲಿ ನಾನು ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಉತ್ತರ ಗೊತ್ತಿದ್ದರೂ ಎದ್ದು ಹೇಳಲು ಹಿಂಜರಿಕೆಯಾಗುತ್ತಿತ್ತು. ಮೊದಲ ತಿಂಗಳು ಕಳೆಯುವಷ್ಟರಲ್ಲಿ 'ಅವಳು ಮಾತಾಡುವವಳಲ್ಲ' ಎಂಬ ಹಣೆಪಟ್ಟಿ ಅಂಟಿಕೊಂಡಿತು. ಈಗ ಉಪನ್ಯಾಸಕರು ಸಾಲಾಗಿ ಪ್ರಶ್ನೆ ಕೇಳುತ್ತ ಬಂದರೆ ನನ್ನ ಬೆಂಚಿನ ಹತ್ತಿರ ಅವರ ಕಣ್ಣು ತಾನಾಗಿಯೇ ಹಿಂದಿನ ಬೆಂಚಿಗೆ ದಾಟುತ್ತದೆ. ಗುಂಪಾಗಿ ಪ್ರಾಜೆಕ್ಟ್ ಮಾಡುವಾಗ ಬರೆಯುವ ಕೆಲಸ ನನ್ನದು, ಎಲ್ಲರೆದುರು ನಿಂತು ಮಂಡಿಸುವ ಕೆಲಸ ಇನ್ನೊಬ್ಬರದು ಎಂಬುದು ಯಾರನ್ನೂ ಕೇಳದೆಯೇ ತೀರ್ಮಾನವಾಗಿಬಿಡುತ್ತದೆ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ನಾನು ಮುಜುಗರಪಡಬಾರದೆಂದೇ ಅವರೆಲ್ಲ ಹಾಗೆ ಮಾಡುತ್ತಾರೆ ಎಂಬುದು ನನಗೂ ಗೊತ್ತು. ಆದರೂ ಈ ಚಿತ್ರವನ್ನು ಇನ್ನೆರಡು ವರ್ಷ ಹೊತ್ತು ತಿರುಗಬೇಕಲ್ಲ ಎಂದು ನೆನೆದರೆ ಉಸಿರುಗಟ್ಟಿದಂತಾಗುತ್ತದೆ. ದೊಡ್ಡ ಕಾಲೇಜೊಂದಕ್ಕೆ ವರ್ಗಾವಣೆ ಪಡೆದರೆ ಎಲ್ಲವನ್ನೂ ಹೊಸದಾಗಿ ಆರಂಭಿಸಬಹುದಲ್ಲವೇ ಎಂಬ ಯೋಚನೆ ಬಲವಾಗಿದೆ.

ಸಣ್ಣ ಕಾಲೇಜಿನಲ್ಲಿ ಓದಿದವರು, ಪಾಠ ಮಾಡಿದವರು, ನಡುವೆ ಕಾಲೇಜು ಬದಲಿಸಿದವರು ದಯವಿಟ್ಟು ತಿಳಿಸಿ. ಒಮ್ಮೆ ಮೂಡಿದ ಅಭಿಪ್ರಾಯ ಇಂಥ ಚಿಕ್ಕ ವಲಯದಲ್ಲಿ ಬದಲಾಗುತ್ತದೆಯೇ? 6.2ರಿಂದ ಮೇಲೇಳಲು ನಿಜವಾಗಿ ಅವಕಾಶವಿದೆಯೇ?

ಉತ್ತರ: ಸಣ್ಣ ಕಾಲೇಜೊಂದರ ಉಪನ್ಯಾಸಕಿ

ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ ನನ್ನ ತರಗತಿಯ ಕೆಲವು ಬೆಂಚುಗಳು ಕಣ್ಣ ಮುಂದೆ ಬಂದವು. ಆದ್ದರಿಂದ ಮೇಜಿನ ಈ ಬದಿಯಲ್ಲಿ ನಿಂತವರ ಸ್ಥಿತಿಯನ್ನು ಹೇಳುತ್ತೇನೆ.

ನಾವು ಅಭಿಪ್ರಾಯಗಳನ್ನು ಬಹಳ ಬೇಗ ಕಟ್ಟಿಕೊಳ್ಳುತ್ತೇವೆ; ಅದು ನಿಜ. ಮೂವತ್ತೈದು ಹೊಸ ಮುಖಗಳು ಎದುರಿಗೆ ಕುಳಿತಾಗ ಹೆಸರು ನೆನಪಿಟ್ಟುಕೊಳ್ಳಲು ಏನಾದರೊಂದು ಗುರುತು ಬೇಕಾಗುತ್ತದೆ. ತಡವಾಗಿ ಬರುವವನು, ಚೆನ್ನಾಗಿ ಬರೆಯುವವಳು, ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವವನು ಎಂದು ಮನಸ್ಸಿನಲ್ಲೇ ಒಂದೊಂದು ಗುರುತು ಹಾಕಿಕೊಳ್ಳುತ್ತೇವೆ. ಆದರೆ ನೀವು ಭಾವಿಸಿರುವಷ್ಟು ಆಳವಾಗಿ ಆ ಗುರುತನ್ನು ನಾವು ನಂಬುವುದಿಲ್ಲ. ಅದು ಹಾಗೆಯೇ ಉಳಿಯುವುದು ಅದನ್ನು ತಿದ್ದಬೇಕಾದ ಸಂದರ್ಭ ಬಾರದಿರುವುದರಿಂದ. ಯಾರೂ ವಾರಕ್ಕೊಮ್ಮೆ ಕುಳಿತು 'ಈ ವಿದ್ಯಾರ್ಥಿನಿಯ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಸರಿಯಾಗಿದೆಯೇ' ಎಂದು ಪರಿಶೀಲಿಸುವುದಿಲ್ಲ. ಒಮ್ಮೆ ನೀವು ಎದ್ದು ಉತ್ತರಿಸಿದರೆ ಆಶ್ಚರ್ಯವಾಗುತ್ತದೆ, ಎರಡನೆಯ ಸಲ ಸಂತೋಷವಾಗುತ್ತದೆ, ಅದರ ಮುಂದಿನ ಸಲ ನಿಮ್ಮತ್ತಲೇ ನೋಡುವ ಅಭ್ಯಾಸವಾಗಿರುತ್ತದೆ.

ಸಣ್ಣ ಕಾಲೇಜಿನ ಇನ್ನೊಂದು ಮುಖವನ್ನೂ ಹೇಳಬೇಕು. ಉತ್ತರಪತ್ರಿಕೆಯ ಮೇಲಿನ ನೋಂದಣಿ ಸಂಖ್ಯೆಯನ್ನು ಮರೆಮಾಡಿ ಸಂಕೇತಸಂಖ್ಯೆ ಹಾಕಿ ಕೊಟ್ಟರೂ ಮೊದಲ ಪುಟದ ಕೈಬರಹ ಕಂಡ ಕೂಡಲೇ ಅದು ಯಾರದ್ದೆಂದು ನಮಗೆ ತಿಳಿದುಹೋಗುತ್ತದೆ. ಇದರಿಂದ ಅನ್ಯಾಯವಾಗುವ ಸಾಧ್ಯತೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಒಳ್ಳೆಯ ವಿಭಾಗಗಳು ಅದಕ್ಕಾಗಿಯೇ ಹೊರಗಿನವರಿಂದ ಮೌಲ್ಯಮಾಪನ ಮಾಡಿಸುತ್ತವೆ. ಆದರೆ ಇದೇ ಪರಿಚಯ ಇನ್ನೊಂದು ಕಡೆ ಉಪಕಾರಕ್ಕೂ ಬರುತ್ತದೆ. ಮೊದಲ ಆಂತರಿಕ ಪರೀಕ್ಷೆಯಲ್ಲಿ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಬರೆದ ವಿದ್ಯಾರ್ಥಿ ವರ್ಷದ ಕೊನೆಗೆ ಸ್ವಂತ ಉದಾಹರಣೆ ಕೊಟ್ಟು ಬರೆಯತೊಡಗಿದ್ದಾನೆ ಎಂಬುದನ್ನು ಗಮನಿಸಬಲ್ಲವರು ಯಾರು? ನಾನೂರು ಪತ್ರಿಕೆಗಳ ಕಟ್ಟಿನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೆ ಉನ್ನತ ವ್ಯಾಸಂಗಕ್ಕೆ ಶಿಫಾರಸು ಪತ್ರ ಬೇಕಾದಾಗ 'ಶ್ರದ್ಧಾವಂತ ವಿದ್ಯಾರ್ಥಿನಿ' ಎಂಬ ಸವಕಲು ವಾಕ್ಯದ ಬದಲು ಈ ಬದಲಾವಣೆಯನ್ನೇ ಬರೆಯಬಲ್ಲ ಉಪನ್ಯಾಸಕರು ನಿಮಗೆ ಇರುತ್ತಾರೆ.

ಅಮೆರಿಕದ ಸೇಂಟ್ ಜಾನ್ಸ್ ಕಾಲೇಜು ಅನ್ನಾಪೊಲಿಸ್ ಮತ್ತು ಸಾಂಟಾ ಫೆ ಎಂಬ ಎರಡು ಊರುಗಳಲ್ಲಿ ನಡೆಯುತ್ತಿರುವ ಬಹಳ ಸಣ್ಣ ಕಾಲೇಜು. ಅಲ್ಲಿ 'ಡಾನ್ ರ‍್ಯಾಗ್' ಎಂಬ ಪದ್ಧತಿ ಇದೆ. ಅವಧಿಯ ಕೊನೆಗೆ ಒಬ್ಬ ವಿದ್ಯಾರ್ಥಿಗೆ ಪಾಠ ಮಾಡಿದ ಎಲ್ಲ ಶಿಕ್ಷಕರೂ ಒಂದೆಡೆ ಕುಳಿತು, ಆ ವಿದ್ಯಾರ್ಥಿ ಎದುರಿಗಿದ್ದರೂ ಇಲ್ಲದಂತೆ, ಅವನ ಕಲಿಕೆಯ ಕುರಿತು ತಮ್ಮತಮ್ಮಲ್ಲೇ ಮಾತನಾಡುತ್ತಾರೆ. ಬಳಿಕ ಅವನಿಗೆ ಉತ್ತರಿಸುವ ಅವಕಾಶ ಕೊಡುತ್ತಾರೆ. ಕೇಳಲು ಸ್ವಲ್ಪ ಭಯವೆನಿಸಿದರೂ ನನಗೆ ಇದು ಬಹಳ ಪ್ರಾಮಾಣಿಕ ಕ್ರಮವೆನಿಸಿದೆ. ಎಲ್ಲ ಕಾಲೇಜುಗಳಲ್ಲೂ ಶಿಕ್ಷಕರು ಕೊಠಡಿಯೊಳಗೆ ವಿದ್ಯಾರ್ಥಿಗಳ ಬಗ್ಗೆ ಮಾತನಾಡಿಯೇ ಆಡುತ್ತಾರೆ. ಅಲ್ಲಿ ಮಾತ್ರ ಅದು ವಿದ್ಯಾರ್ಥಿಯ ಕಿವಿಗೂ ಬೀಳುತ್ತದೆ, ಅವನ ಉತ್ತರವೂ ಶಿಕ್ಷಕರ ಕಿವಿಗೆ ಬೀಳುತ್ತದೆ. ನಿಮ್ಮಲ್ಲಿ ಅಂಥ ವ್ಯವಸ್ಥೆ ಇರಲಿಕ್ಕಿಲ್ಲ. ಆದರೆ ರಜೆ ಮುಗಿಯುವ ಮೊದಲೇ ಒಬ್ಬ ಉಪನ್ಯಾಸಕರನ್ನು ಕಂಡು 'ಕಳೆದ ವರ್ಷ ನನ್ನ ಓದಿನ ಬಗ್ಗೆ ನಿಮಗೆ ಏನನ್ನಿಸಿತು, ಸರ್' ಎಂದು ಕೇಳಲು ಯಾವ ವ್ಯವಸ್ಥೆಯೂ ಬೇಕಿಲ್ಲ.

ಉತ್ತರ: ನಡುವೆ ಕಾಲೇಜು ಬದಲಿಸಿ ಪದವಿ ಮುಗಿಸಿದವನು

ಮೇಡಂ ಹೇಳಿದ್ದನ್ನು ಗೌರವದಿಂದಲೇ ಓದಿದ್ದೇನೆ, ಆದರೂ ಅದರಲ್ಲಿ ಶಿಕ್ಷಕರ ಕಡೆಯ ಭರವಸೆ ಸ್ವಲ್ಪ ಹೆಚ್ಚಾಗಿದೆ ಎಂದು ನನಗೆ ತೋರುತ್ತದೆ. ಉಪನ್ಯಾಸಕರು ಅಭಿಪ್ರಾಯ ಬದಲಿಸಿಕೊಳ್ಳುತ್ತಾರೆ, ಸರಿ. ಸಹಪಾಠಿಗಳು ಅಷ್ಟು ಸುಲಭವಾಗಿ ಬದಲಿಸಿಕೊಳ್ಳುವುದಿಲ್ಲ. ಚಿಕ್ಕ ತರಗತಿಯಲ್ಲಿ ಒಬ್ಬ ತಮಾಷೆ ಮಾಡುವವನು, ಒಬ್ಬ ಮುಂದಾಳು, ಒಬ್ಬ ಮೌನಿ ಎಂದು ಪಾತ್ರಗಳು ಹಂಚಿಕೆಯಾಗಿರುತ್ತವೆ. ನೀವು ಪಾತ್ರ ಬಿಟ್ಟರೆ ಇನ್ನೊಬ್ಬರ ಪಾತ್ರಕ್ಕೂ ಧಕ್ಕೆಯಾಗುತ್ತದೆ. ಇದುವರೆಗೆ ಮಂಡನೆ ಮಾಡುತ್ತಿದ್ದ ಗೆಳತಿಗೆ 'ಈ ಸಲ ನಾನು ಮಾಡುತ್ತೇನೆ' ಎಂದು ಹೇಳಿ ನೋಡಿ, ಆಗ ಗೊತ್ತಾಗುತ್ತದೆ.

ನಾನು ಬದಲಿಸಿದ್ದು ಪ್ರಥಮ ವರ್ಷದ ನಂತರವೇ. ಅದರಿಂದ ನನಗೆ ಒಳ್ಳೆಯದಾಯಿತು, ಪಶ್ಚಾತ್ತಾಪವಿಲ್ಲ. ಆದರೆ ವರ್ಗಾವಣೆಯೆಂದರೆ ಹೊಸ ಜೀವನ ಎಂದು ಭಾವಿಸುವವರಿಗೆ ಯಾರೂ ಮುಂಚಿತವಾಗಿ ಹೇಳದ ಕೆಲವು ಸಂಗತಿಗಳಿವೆ. ಕ್ರೆಡಿಟ್‌ಗಳನ್ನು ಒಪ್ಪಿಕೊಳ್ಳುತ್ತೇವೆ ಎಂದು ಕಚೇರಿಯಲ್ಲಿ ಹೇಳುವುದಕ್ಕೂ ನೀವು ಓದಿದ ಪತ್ರಿಕೆಯನ್ನು ತಮ್ಮ ಕಡ್ಡಾಯ ಪತ್ರಿಕೆಗೆ ಸಮಾನವೆಂದು ಒಪ್ಪಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ನಿಮ್ಮ ಕ್ರೆಡಿಟ್ ಲೆಕ್ಕಕ್ಕೇನೋ ಬರುತ್ತದೆ, ಆದರೆ ಐಚ್ಛಿಕ ಪತ್ರಿಕೆಯ ಖಾತೆಗೆ ಹೋಗುತ್ತದೆ. ಕಡ್ಡಾಯ ಪತ್ರಿಕೆಯನ್ನು ಮತ್ತೆ ಓದಬೇಕಾಗುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಪ್ರಥಮ ವರ್ಷದ ಪ್ರತಿ ಪತ್ರಿಕೆಯ ಪಠ್ಯಕ್ರಮದ ಪ್ರತಿಯನ್ನು, ಘಟಕಗಳು ಮತ್ತು ಬೋಧನಾ ಗಂಟೆಗಳ ವಿವರ ಸಹಿತ, ನಿಮ್ಮ ಕಾಲೇಜಿನಿಂದ ಮುದ್ರೆ ಹಾಕಿಸಿ ತೆಗೆದುಕೊಳ್ಳಿ. ಯಾವ ಪತ್ರಿಕೆಗೆ ಯಾವುದು ಸಮಾನ ಎಂಬುದನ್ನು ಹೊಸ ಕಾಲೇಜಿನವರು ಬರಹದಲ್ಲಿ ಕೊಡುವವರೆಗೆ ವರ್ಗಾವಣೆ ಪತ್ರಕ್ಕೆ ಸಹಿ ಹಾಕಬೇಡಿ. ಒಮ್ಮೆ ಟಿ.ಸಿ. ಕೈಗೆ ಬಂದ ಮೇಲೆ ಹಿಂದಿರುಗುವ ದಾರಿ ಎಲ್ಲ ಕಡೆಯೂ ತೆರೆದಿರುವುದಿಲ್ಲ.

ಇನ್ನೊಂದು ಮಾತು. ದ್ವಿತೀಯ ವರ್ಷಕ್ಕೆ ಸೇರುವವರಿಗಾಗಿ ಯಾರೂ ಸ್ವಾಗತ ಕಾರ್ಯಕ್ರಮ ಮಾಡುವುದಿಲ್ಲ. ಗೆಳೆತನಗಳು ಅಷ್ಟರಲ್ಲಾಗಲೇ ಕೂಡಿಕೊಂಡಿರುತ್ತವೆ. ಮೌನಿಯೆಂಬ ಹಣೆಪಟ್ಟಿಯನ್ನು ಕಳಚಲು ಹೋಗುವವರಿಗೆ ಅಲ್ಲಿ ಮೊದಲ ತಿಂಗಳು ಮಾತನಾಡಲು ಜನರೇ ಇಲ್ಲದಿರುವ ಸಾಧ್ಯತೆ ಇದೆ.

ಉತ್ತರ: ಅಂತಿಮ ವರ್ಷದ ವಿದ್ಯಾರ್ಥಿ

ನಾನೂ ಸಣ್ಣ ಕಾಲೇಜಿನವನೇ. ಇಲ್ಲಿ ಎಲ್ಲರೂ ಹಣೆಪಟ್ಟಿಯ ಬಗ್ಗೆ ಬರೆಯುತ್ತಿದ್ದಾರೆ, ಆದರೆ ಪ್ರಥಮ ವರ್ಷ ಮುಗಿದ ಈ ಹೊತ್ತಿನಲ್ಲಿ ಇದಕ್ಕಿಂತ ಅವಸರದ ಸಂಗತಿಯೊಂದಿದೆ. ಸಣ್ಣ ವಿಭಾಗಗಳಲ್ಲಿ ಐಚ್ಛಿಕ ಪತ್ರಿಕೆಗಳು ಪ್ರತಿ ವರ್ಷ ನಡೆಯುವುದಿಲ್ಲ. ಪಾಠ ಮಾಡಬಲ್ಲವರು ಒಬ್ಬರೇ ಇರುತ್ತಾರೆ. ಅವರು ಒಂದು ವರ್ಷ ಒಂದು ಪತ್ರಿಕೆ, ಮರುವರ್ಷ ಇನ್ನೊಂದು ಎಂದು ಸರದಿಯಲ್ಲಿ ತೆಗೆದುಕೊಳ್ಳುತ್ತಾರೆ. ಕನಿಷ್ಠ ಸಂಖ್ಯೆಯ ವಿದ್ಯಾರ್ಥಿಗಳು ಹೆಸರು ನೋಂದಾಯಿಸದಿದ್ದರೆ ಅದೂ ರದ್ದಾಗುತ್ತದೆ. ಕೈಪಿಡಿಯಲ್ಲಿ ಹತ್ತು ಪತ್ರಿಕೆಗಳ ಹೆಸರಿದ್ದರೂ ನಿಮ್ಮ ಪಾಲಿಗೆ ನಿಜವಾಗಿ ಸಿಗುವುದು ಮೂರೋ ನಾಲ್ಕೋ. ಆದ್ದರಿಂದ ವಿಭಾಗ ಮುಖ್ಯಸ್ಥರನ್ನು ಕಂಡು ಮುಂದಿನ ಎರಡು ವರ್ಷಗಳಲ್ಲಿ ಯಾವುದು ಯಾವಾಗ ನಡೆಯುತ್ತದೆ ಎಂದು ಈಗಲೇ ಕೇಳಿಕೊಳ್ಳಿ. ಮುಂದಿನ ವರ್ಷ ನಡೆಯುವ ಪತ್ರಿಕೆಯನ್ನು 'ಆಮೇಲೆ ನೋಡೋಣ' ಎಂದು ಬಿಟ್ಟರೆ ಅದು ಮತ್ತೆ ಬರುವ ವೇಳೆಗೆ ನೀವು ಪದವಿ ಮುಗಿಸಿ ಹೋಗಿರುತ್ತೀರಿ. ಬಯಸಿದ ಪತ್ರಿಕೆ ಎರಡೂ ವರ್ಷ ಇಲ್ಲವೆಂದು ತಿಳಿದರೆ, ಅದು ವರ್ಗಾವಣೆಗೆ ನೀವು ಹೇಳಿದ ಕಾರಣಕ್ಕಿಂತ ಗಟ್ಟಿಯಾದ ಕಾರಣ.

ಹಣೆಪಟ್ಟಿಯ ವಿಷಯದಲ್ಲಿ ಒಂದನ್ನು ಸೇರಿಸುತ್ತೇನೆ. ಮುಂದಿನ ವರ್ಷ ಹೊಸ ಪ್ರಥಮ ವರ್ಷದವರು ಬರುತ್ತಾರೆ. ಅವರಿಗೆ ನಿಮ್ಮ ಬಗ್ಗೆ ಏನೂ ಗೊತ್ತಿಲ್ಲ. ಅವರ ಪಾಲಿಗೆ ನೀವು ಸೀನಿಯರ್, ಅಷ್ಟೇ. ಪ್ರಯೋಗಾಲಯ ಎಲ್ಲಿದೆ, ಯಾವ ಪುಸ್ತಕ ತೆಗೆದುಕೊಳ್ಳಬೇಕು, ಆಂತರಿಕ ಪರೀಕ್ಷೆಯಲ್ಲಿ ಯಾರು ಹೇಗೆ ಪ್ರಶ್ನೆ ಕೇಳುತ್ತಾರೆ ಎಂದು ಅವರು ನಿಮ್ಮನ್ನೇ ಕೇಳುತ್ತಾರೆ. ನಮ್ಮಲ್ಲಿ ತರಗತಿಯಲ್ಲಿ ತುಟಿ ಬಿಚ್ಚದಿದ್ದ ಒಬ್ಬರು ಜೂನಿಯರ್‌ಗಳಿಗೆ ಲೆಕ್ಕ ಬಿಡಿಸಿ ತೋರಿಸುತ್ತ ತೋರಿಸುತ್ತಲೇ ಕಪ್ಪುಹಲಗೆಯ ಮುಂದೆ ನಿಲ್ಲುವುದನ್ನು ರೂಢಿಸಿಕೊಂಡರು. ಹತ್ತಿರದಲ್ಲೇ ಹಾದುಹೋಗುತ್ತಿದ್ದ ಉಪನ್ಯಾಸಕರು ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ, ಮುಂದಿನ ವಾರದ ಟ್ಯುಟೋರಿಯಲ್ ತರಗತಿಯನ್ನು ಅವರಿಗೇ ವಹಿಸಿದರು. ದೊಡ್ಡ ಕಾಲೇಜಿನಲ್ಲಿ ಆ ಬಾಗಿಲ ಮುಂದೆ ಹಾದುಹೋಗುವವರು ಯಾರೋ ಏನೋ.

ಉತ್ತರ: ಶಿಕ್ಷಣಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ

ಪ್ರಥಮ ವರ್ಷದ ಕೊನೆಯಲ್ಲಿ ಕಾಲೇಜು ಬಿಡಬೇಕೆನ್ನಿಸುವುದು ಅಧ್ಯಯನ ಕ್ಷೇತ್ರದಲ್ಲಿ ಬಹಳ ಚರ್ಚೆಯಾದ ವಿಷಯ. ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ 1975ರಲ್ಲಿ ಮಂಡಿಸಿದ ವಾದದ ಪ್ರಕಾರ ವಿದ್ಯಾರ್ಥಿ ಉಳಿಯುವುದೂ ಹೋಗುವುದೂ ಎರಡು ಬಗೆಯ ಬೆರೆಯುವಿಕೆಯನ್ನು ಅವಲಂಬಿಸಿದೆ. ಒಂದು ಓದಿನ ಜಗತ್ತಿನೊಡನೆ, ಇನ್ನೊಂದು ಅಲ್ಲಿಯ ಜನರೊಡನೆ. ಒಂದರಲ್ಲಿ ಚೆನ್ನಾಗಿ ಬೆರೆತವರು ಇನ್ನೊಂದರಲ್ಲಿ ಹೊರಗೇ ಉಳಿದಿರಬಹುದು. ಟಿಂಟೊ ಅವರ ವಾದಕ್ಕೆ ಅನಂತರ ಸಾಕಷ್ಟು ಟೀಕೆಗಳೂ ಬಂದವು. ಮನೆಯಿಂದ ಓಡಾಡುವವರಿಗೆ, ಕೆಲಸ ಮಾಡುತ್ತ ಓದುವವರಿಗೆ, ತಮ್ಮ ಸಮುದಾಯದ ನಂಟು ಬಿಡಲೊಲ್ಲದವರಿಗೆ ಈ ಚೌಕಟ್ಟು ಹೊಂದುವುದಿಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಆದರೂ ಪ್ರಶ್ನೆ ಕೇಳಿದವರಿಗೆ ಇದರಿಂದ ಒಂದು ಉಪಯೋಗವಿದೆ. ನಿಮ್ಮ ತೊಡಕು ಇರುವುದು ಓದಿನೊಡನೆಯೋ, ಜನರೊಡನೆಯೋ ಎಂಬುದನ್ನು ಬಿಡಿಸಿ ನೋಡಿ. ನೀವು ಬರೆದದ್ದರಲ್ಲಿ ವಿಷಯದ ಬಗ್ಗೆ ಬೇಸರವೆಂಬ ಒಂದು ಮಾತೂ ಇಲ್ಲ.

ಗೆಳೆತನಗಳ ಬಗೆಗೂ ಒಂದು ಹಳೆಯ ಅಧ್ಯಯನವಿದೆ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಟುಂಬಗಳ ವಸತಿಯಲ್ಲಿ ನಡೆಸಿ 1950ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಯಾರು ಯಾರಿಗೆ ಸ್ನೇಹಿತರಾದರು ಎಂಬುದನ್ನು ಬಹುಮಟ್ಟಿಗೆ ಬಾಗಿಲುಗಳ ಅಂತರ ಮತ್ತು ಮೆಟ್ಟಿಲುಗಳ ಸ್ಥಾನವೇ ನಿರ್ಧರಿಸಿತ್ತು. ಪ್ರಥಮ ವರ್ಷದ ಗುಂಪುಗಳೂ ಬಹಳ ಸಲ ಹಾಗೆಯೇ ಆಗಿರುತ್ತವೆ: ಹಾಜರಿ ಪುಸ್ತಕದಲ್ಲಿ ಅಕ್ಕಪಕ್ಕದ ಕ್ರಮಸಂಖ್ಯೆ, ಪ್ರಯೋಗಾಲಯದಲ್ಲಿ ಒಂದೇ ಮೇಜು. ಇದನ್ನು ಗುಣಸ್ವಭಾವದ ತೀರ್ಪು ಎಂದು ಭಾವಿಸಬೇಕಾಗಿಲ್ಲ. ದ್ವಿತೀಯ ವರ್ಷದಲ್ಲಿ ಮೇಜು ಬದಲಿಸಿದರೆ ಜೊತೆಗಾರರೂ ಬದಲಾಗುತ್ತಾರೆ.

ಸಣ್ಣ ಕಾಲೇಜಿನ ನಿಜವಾದ ಕೊರತೆ ಬೇರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ತೋರಿಸಿದಂತೆ ಹೊಸ ಸುದ್ದಿ, ಹೊಸ ಅವಕಾಶಗಳು ನಮಗೆ ಹೆಚ್ಚಾಗಿ ತಲುಪುವುದು ಆಪ್ತರಿಂದಲ್ಲ, ಮುಖಪರಿಚಯದವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಎಲ್ಲರೂ ಎಲ್ಲರಿಗೂ ಆಪ್ತರಾಗಿರುವ ಕಡೆ ಹೊರಗಿನ ಗಾಳಿ ಒಳಗೆ ಬರುವುದು ಕಷ್ಟ. ಇದಕ್ಕೆ ಕಾಲೇಜು ಬಿಡಲೇಬೇಕೆಂದಿಲ್ಲ. ಬೇರೆ ಕಾಲೇಜಿನ ಸ್ಪರ್ಧೆ, ಬೇಸಿಗೆ ಶಿಬಿರ, ಇಂಟರ್ನ್‌ಶಿಪ್, ಹಳೆಯ ವಿದ್ಯಾರ್ಥಿಗಳ ಸಂಪರ್ಕ ಇವುಗಳಿಂದ ಆ ಕೊರತೆಯನ್ನು ಸಾಕಷ್ಟು ತುಂಬಿಕೊಳ್ಳಬಹುದು.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಧನ್ಯವಾದಗಳು. ಮೇಡಂ ಹೇಳಿದ 'ತಿದ್ದಬೇಕಾದ ಸಂದರ್ಭ ಬಾರದಿರುವುದು' ಎಂಬ ಮಾತನ್ನು ನಾನು ಯೋಚಿಸಿಯೇ ಇರಲಿಲ್ಲ. ವರ್ಗಾವಣೆ ಪಡೆದವರು ಸಹಪಾಠಿಗಳ ಬಗ್ಗೆ ಹೇಳಿದ್ದೂ ನಿಜವೇ. ಮಂಡನೆ ಮಾಡುವ ಗೆಳತಿಗೆ ಹೇಗೆ ಹೇಳಬೇಕೋ ಇನ್ನೂ ತಿಳಿದಿಲ್ಲ. ವಿಷಯದ ಬಗ್ಗೆ ನನಗೆ ಬೇಸರವಿಲ್ಲ, ಅದು ಸರಿಯಾದ ಊಹೆ.

ಅಂಕಗಳ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮೊದಲ ವರ್ಷ ಹೀಗಾದ ಮೇಲೆ ಒಟ್ಟು ಸರಾಸರಿಯಲ್ಲಿ 8 ಮುಟ್ಟುವುದು ಸಾಧ್ಯವೇ? ಪ್ರಥಮ ವರ್ಷದ ಗ್ರೇಡುಗಳನ್ನೇ ಲೆಕ್ಕಕ್ಕೆ ಹಿಡಿಯದ ಕಾಲೇಜುಗಳೂ ಇವೆಯೆಂದು ಕೇಳಿದ್ದೇನೆ.

ಉತ್ತರ: ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದವರು

ಲೆಕ್ಕ ಸರಳವಾಗಿದೆ. ಮೂರು ವರ್ಷದ ಪದವಿಯಲ್ಲಿ ಪ್ರತಿ ವರ್ಷದ ಕ್ರೆಡಿಟ್ ಸಮನಾಗಿದ್ದರೆ ಮೊದಲ ವರ್ಷದ ತೂಕ ಮೂರನೇ ಒಂದು ಭಾಗ. ಒಟ್ಟು 8 ಬರಬೇಕಾದರೆ ಮೂರು ವರ್ಷಗಳ ಮೊತ್ತ 24 ಆಗಬೇಕು, 6.2 ಕಳೆದರೆ ಉಳಿದದ್ದು 17.8, ಅಂದರೆ ಉಳಿದ ಎರಡೂ ವರ್ಷ 8.9 ತೆಗೆಯಬೇಕು. ಅಸಾಧ್ಯವಲ್ಲ, ಆದರೆ 6.2 ತೆಗೆದವರು ಅದನ್ನೇ ಗುರಿಯಾಗಿಟ್ಟುಕೊಂಡು ಹೊರಟರೆ ಮೊದಲ ಆಂತರಿಕ ಪರೀಕ್ಷೆಯಲ್ಲೇ ಎದೆಗುಂದುವ ಸಂಭವ ಹೆಚ್ಚು. ಎರಡೂ ವರ್ಷ 7.8 ತೆಗೆದರೆ ಒಟ್ಟು ಸುಮಾರು 7.27 ಆಗುತ್ತದೆ. ನಾಲ್ಕು ವರ್ಷದ ಪದವಿಯಾಗಿದ್ದು ಉಳಿದ ಮೂರೂ ವರ್ಷ 7.8 ಬಂದರೆ 7.4. ಅಂಕಪಟ್ಟಿಯನ್ನು ಪರಿಶೀಲಿಸುವವರು ಒಟ್ಟು ಸರಾಸರಿಯ ಜೊತೆಗೆ ವರ್ಷವಾರು ಏರಿಕೆಯನ್ನೂ ನೋಡುತ್ತಾರೆ, 6.2, 7.5, 8.1 ಎಂದು ಏರುವ ಪಟ್ಟಿಗೂ ಅದೇ ಸರಾಸರಿಯುಳ್ಳ ಇಳಿಮುಖದ ಪಟ್ಟಿಗೂ ಒಂದೇ ಬೆಲೆ ಕೊಡುವ ಆಯ್ಕೆ ಸಮಿತಿಯನ್ನು ನಾನು ಕಂಡಿಲ್ಲ.

ಮೊದಲು 6.2 ಎಂಬ ಸಂಖ್ಯೆಯನ್ನು ಒಡೆದು ನೋಡಿ. ಎಲ್ಲ ಪತ್ರಿಕೆಗಳಲ್ಲೂ ಆರರ ಆಸುಪಾಸಿದ್ದರೆ ಓದುವ ಕ್ರಮವನ್ನೇ ಬದಲಿಸಬೇಕು. ಒಂದೆರಡು ಪತ್ರಿಕೆಗಳು ಮಾತ್ರ ನಾಲ್ಕಕ್ಕೆ ಇಳಿದು ಉಳಿದವು ಏಳರ ಮೇಲಿದ್ದರೆ ಅದು ಬೇರೆಯೇ ಕಥೆ. ಆ ಪತ್ರಿಕೆಗಳಿಗೆ ಅಂಕ ಸುಧಾರಣೆಯ ಪರೀಕ್ಷೆ ಬರೆಯಲು ನಿಮ್ಮ ನಿಯಮಗಳು ಅವಕಾಶ ಕೊಡುತ್ತವೆಯೇ, ಅದಕ್ಕೆ ಅರ್ಜಿ ಹಾಕುವ ಕೊನೆಯ ದಿನ ಯಾವುದು ಎಂದು ಕಚೇರಿಯಲ್ಲಿ ವಿಚಾರಿಸಿ. ಸಣ್ಣ ಕಾಲೇಜಿನ ಸೂಚನಾ ಫಲಕದಲ್ಲಿ ಇಂಥ ಪ್ರಕಟಣೆ ರಜೆಯ ನಡುವೆ ಬಂದು ರಜೆಯ ನಡುವೆಯೇ ಮುಗಿದುಹೋಗುವುದುಂಟು. ಆಂತರಿಕ ಅಂಕಗಳನ್ನೂ ಬೇರೆಯಾಗಿ ನೋಡಿ. ಬರಹದ ಪರೀಕ್ಷೆಯಲ್ಲಿ ಒಳ್ಳೆಯ ಅಂಕವಿದ್ದು ಸೆಮಿನಾರ್ ಮತ್ತು ಮೌಖಿಕ ಪರೀಕ್ಷೆಗಳಲ್ಲಿ ಕಡಿಮೆಯಾಗಿದ್ದರೆ, ನಿಮ್ಮ ಎರಡು ಪ್ರಶ್ನೆಗಳೂ ವಾಸ್ತವದಲ್ಲಿ ಒಂದೇ.

ನೀವು ಕೇಳಿದ್ದು ಸರಿ. ಇಂಗ್ಲೆಂಡಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಪ್ರಥಮ ವರ್ಷ ತೇರ್ಗಡೆಯಾದರೆ ಸಾಕು, ಅದರ ಅಂಕ ಪದವಿಯ ಅಂತಿಮ ದರ್ಜೆಗೆ ಸೇರುವುದಿಲ್ಲ. ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿಗೆ ಅಕ್ಷರ ಗ್ರೇಡ್ ಇಲ್ಲ, ಕ್ರೆಡಿಟ್ ಬಂತೋ ಇಲ್ಲವೋ ಎಂದಷ್ಟೇ ದಾಖಲಾಗುತ್ತದೆ. ಹೊಸಬರು ಹೊಂದಿಕೊಳ್ಳುವ ಕಾಲದ ಎಡವುವಿಕೆ ಮುಂದಿನ ವರ್ಷಗಳ ಮೇಲೆ ನೆರಳು ಹಾಕಬಾರದೆಂಬುದು ಇದರ ಹಿಂದಿನ ಯೋಚನೆ.

ಉತ್ತರ: ಉಪನ್ಯಾಸಕಿ (ಮೊದಲು ಬರೆದವರು)

ಪ್ರಥಮ ವರ್ಷದ ಅಂಕಗಳನ್ನು ಕೈಬಿಡುವ ಕ್ರಮವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಎಣಿಕೆಗೆ ಬಾರದ ವರ್ಷವನ್ನು ವಿದ್ಯಾರ್ಥಿಗಳು ಎಣಿಸುವುದೇ ಇಲ್ಲ. ದ್ವಿತೀಯ ವರ್ಷದ ಪಾಠಕ್ಕೆ ಬೇಕಾದ ತಳಪಾಯವೇ ಇಲ್ಲದೆ ಬಂದು ಕುಳಿತುಕೊಳ್ಳುತ್ತಾರೆ. ನನಗೆ ಹೆಚ್ಚು ಹಿಡಿಸುವುದು ಅಮೆರಿಕದ ರೀಡ್ ಕಾಲೇಜಿನ ರೂಢಿ. ಅಲ್ಲಿ ಗ್ರೇಡ್‌ಗಳು ದಾಖಲಾಗುತ್ತವೆ, ಆದರೆ ತೃಪ್ತಿಕರವಾಗಿ ಓದುತ್ತಿರುವ ವಿದ್ಯಾರ್ಥಿಗೆ ಅವನಾಗಿ ಕೇಳುವವರೆಗೆ ಅವನ್ನು ತಿಳಿಸುವುದಿಲ್ಲ. ಬರೆದ ಪ್ರಬಂಧದ ಮೇಲೆ ಶಿಕ್ಷಕರ ವಿವರವಾದ ಟಿಪ್ಪಣಿ ಇರುತ್ತದೆ, ಓದಿಕೊಳ್ಳಬೇಕಾದದ್ದು ಅದನ್ನೇ. ನಮ್ಮಲ್ಲಿ ಹಿಂದಿರುಗಿಸಿದ ಉತ್ತರಪತ್ರಿಕೆಯ ಮೊದಲ ಪುಟದ ಮೇಲಿನ ಅಂಕವನ್ನು ನೋಡಿ ಮಡಚಿಡುತ್ತಾರೆ. ಒಳಗಿನ ಅಂಚಿನಲ್ಲಿ 'ಕಾರಣ ಏಕೆ ಕೊಟ್ಟಿಲ್ಲ?' ಎಂದು ನಾನು ಕೆಂಪು ಶಾಯಿಯಲ್ಲಿ ಬರೆದದ್ದು ಅಲ್ಲೇ ಉಳಿಯುತ್ತದೆ.

ಉತ್ತರ: ಪದವಿ ಮುಗಿಸಿ ಕೆಲಸದಲ್ಲಿರುವವರು

ರಜೆಯ ಬಗ್ಗೆ ಎರಡು ಮಾತು. ಪ್ರಥಮ ವರ್ಷದಲ್ಲಿ ಕಲಿತದ್ದು ದ್ವಿತೀಯ ವರ್ಷದ ಬಾಗಿಲಿಗೆ ಬರುವಷ್ಟರಲ್ಲಿ ಕರಗಿಹೋಗಿರುತ್ತದೆ ಎಂದು ಎಲ್ಲರೂ ಗೋಳಾಡುತ್ತಾರೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಮರೆವು ಮೊದಮೊದಲು ಬಹಳ ವೇಗವಾಗಿಯೂ ಅನಂತರ ನಿಧಾನವಾಗಿಯೂ ಸಾಗುತ್ತದೆ ಎಂದು ತೋರಿಸಿದ್ದ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಮದ್ದನ್ನೂ ಸೂಚಿಸುತ್ತದೆ. ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದ್ದರಿಂದ ರಜೆಯಲ್ಲಿ ಟಿಪ್ಪಣಿ ಪುಸ್ತಕವನ್ನು ಮತ್ತೆ ಮತ್ತೆ ತಿರುವಿ ಹಾಕುವ ಅಗತ್ಯವಿಲ್ಲ. ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಗೆ ಪುಸ್ತಕ ನೋಡದೆ ಉತ್ತರ ಬರೆದು, ಆಮೇಲೆ ತಾಳೆ ನೋಡಿದರೆ ಸಾಕು. ಪ್ರಶ್ನೆ ಕೇಳಿದವರ ಸಂದರ್ಭದಲ್ಲಿ ಆ ಉತ್ತರವನ್ನು ಬರೆಯುವ ಬದಲು ಗಟ್ಟಿಯಾಗಿ ಹೇಳಿಕೊಂಡರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ದ್ವಿತೀಯ ವರ್ಷ ಯಾರೂ ಕೇಳುವವರಿಲ್ಲದ ವರ್ಷ. ಹೊಸಬರ ಕಡೆ ಎಲ್ಲರ ಗಮನ ಇರುತ್ತದೆ, ಹೊರಡುವವರ ಉದ್ಯೋಗದ ಚಿಂತೆ ಎಲ್ಲರಿಗೂ ಇರುತ್ತದೆ, ನಡುವಿನವರು ತಾವಾಗಿಯೇ ಸಾಗಲಿ ಎಂದು ಬಿಡುತ್ತಾರೆ. ಮಾರ್ಗದರ್ಶಕ ಉಪನ್ಯಾಸಕರ ಭೇಟಿಗಳು ಪ್ರಥಮ ವರ್ಷಕ್ಕೇ ನಿಂತುಹೋಗಿರುತ್ತವೆ. ಇಲ್ಲೇ ಉಳಿದರೂ ಬೇರೆಡೆಗೆ ಹೋದರೂ ಇದು ತಪ್ಪುವುದಿಲ್ಲ. ಸಣ್ಣ ಕಾಲೇಜಿನಲ್ಲಾದರೆ ಸಿಬ್ಬಂದಿ ಕೊಠಡಿಯ ಬಾಗಿಲು ತಟ್ಟಿದಾಗ 'ಯಾವ ವಿಭಾಗ, ಯಾವ ಸೆಕ್ಷನ್' ಎಂದು ಕೇಳುವವರಿಲ್ಲ. ಹೆಸರು ಹಿಡಿದೇ ಒಳಗೆ ಕರೆಯುತ್ತಾರೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಅಂಕಪಟ್ಟಿಯನ್ನು ಒಡೆದು ನೋಡಿದೆ. ಊಹಿಸಿದಂತೆಯೇ ಬರಹದ ಪರೀಕ್ಷೆಗಳು ಏಳರ ಹತ್ತಿರ ಇವೆ. ಸೆಮಿನಾರ್ ಮತ್ತು ಮೌಖಿಕ ಪರೀಕ್ಷೆಗಳ ಅಂಕಗಳೇ ಕೆಳಗೆ ಎಳೆದಿವೆ. ಹೀಗಾಗಿ ವರ್ಗಾವಣೆಯ ಅರ್ಜಿಯನ್ನು ಸದ್ಯ ಹಾಕುತ್ತಿಲ್ಲ, ಆದರೆ ಆ ಯೋಚನೆಯನ್ನು ಪೂರ್ತಿ ಬಿಟ್ಟೂ ಇಲ್ಲ. ಅಂತಿಮ ವರ್ಷದವರು ಹೇಳಿದಂತೆ ಪತ್ರಿಕೆಗಳ ಸರದಿಯನ್ನು ವಿಭಾಗ ಮುಖ್ಯಸ್ಥರಲ್ಲಿ ಕೇಳುತ್ತೇನೆ. ನಾನು ಓದಬೇಕೆಂದಿರುವ ಪತ್ರಿಕೆ ಎರಡು ವರ್ಷವೂ ಇಲ್ಲವೆಂದರೆ ಮತ್ತೆ ಯೋಚಿಸುತ್ತೇನೆ. ಪಠ್ಯಕ್ರಮದ ಪ್ರತಿಗಳನ್ನು ಹೇಗಿದ್ದರೂ ತೆಗೆದಿಟ್ಟುಕೊಳ್ಳುತ್ತೇನೆ.

ಉಪನ್ಯಾಸಕಿಯವರಲ್ಲಿ ಕೊನೆಯದಾಗಿ ಒಂದು ಕೇಳಬೇಕಿತ್ತು. ದ್ವಿತೀಯ ವರ್ಷದ ಸೆಮಿನಾರ್‌ಗಳಲ್ಲಿ ಮೊದಲ ಸರದಿಯನ್ನೇ ನನಗೆ ಕೊಡಿ ಎಂದು ಮುಂಚಿತವಾಗಿ ಕೇಳಿಕೊಂಡರೆ ಅದು ಅತಿಯಾಯಿತು ಎಂದು ಶಿಕ್ಷಕರಿಗೆ ಅನ್ನಿಸುತ್ತದೆಯೇ?

ಉತ್ತರ: ಉಪನ್ಯಾಸಕಿ

ಖಂಡಿತ ಇಲ್ಲ. ಮೊದಲ ಸರದಿಯನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಕ್ರಮಸಂಖ್ಯೆಯಲ್ಲಿ ಮೊದಲಿರುವ ಪಾಪದವನ ತಲೆಗೆ ಕಟ್ಟುತ್ತೇವೆ. ಅವನೂ ನಿಮಗೆ ಋಣಿಯಾಗಿರುತ್ತಾನೆ. ಮಂಡನೆಯನ್ನು ನಿಮ್ಮ ಗೆಳತಿಯಿಂದ ಕಿತ್ತುಕೊಳ್ಳುವ ಪ್ರಶ್ನೆಯೂ ಇಲ್ಲಿ ಬರುವುದಿಲ್ಲ, ಏಕೆಂದರೆ ಸೆಮಿನಾರ್ ಒಬ್ಬೊಬ್ಬರದೇ ಕೆಲಸ. ವಿಷಯವನ್ನು ರಜೆಯಲ್ಲೇ ಆರಿಸಿಕೊಂಡು ಒಂದು ಪುಟದ ರೂಪುರೇಷೆಯೊಡನೆ ಹೋಗಿ ಕೇಳಿ. ಬರಿಗೈಯಲ್ಲಿ ಹೋದರೆ 'ಯೋಚಿಸೋಣ' ಎನ್ನುವ ಉಪನ್ಯಾಸಕರು ಕೈಯಲ್ಲಿ ಕಾಗದ ಕಂಡರೆ ಅಲ್ಲೇ ದಿನಾಂಕ ಬರೆದುಕೊಳ್ಳುತ್ತಾರೆ.